ಅಂಚಿನಲ್ಲಿ ಉಳಿದ ಹಸಿರು

"ನನ್ನ ಕಿವಿ ಸರಿಮಾಡಿದ್ದು ನೀವೇನಾ?"

ಅಂಗಡಿಯ ಬಾಗಿಲು ತಳ್ಳಿಕೊಂಡು ಒಳಗೆ ಬಂದವನ ಮೊದಲ ಮಾತೇ ಇದು.

ದೆನಿತ್ಸಾ ಕಂಪ್ಯೂಟರಿನಿಂದ ತಲೆಯೆತ್ತಿದಳು. ಎತ್ತರದ ಗಂಡಸು. ಟೋಪಿಯನ್ನು ಹುಬ್ಬಿನ ತನಕ ಎಳೆದುಕೊಂಡಿದ್ದಾನೆ.

ಈ ಮುಖ ಅವಳಿಗೆ ಚೆನ್ನಾಗಿ ಗೊತ್ತು. ಎಡ ಹುಬ್ಬಿನ ಮೇಲಿನ ಸಣ್ಣ ಗಾಯದ ಗುರುತು, ನಗುವ ಮುಂಚೆ ಒಂದು ಗಳಿಗೆ ಬಿಗಿಯಾಗುವ ತುಟಿ... ಎಲ್ಲ ಗೊತ್ತು. ಆದರೆ ಈ ಮನುಷ್ಯ ಈಗ ಇಲ್ಲಿ ಇರಬಾರದಿತ್ತು. ಊರವರ ಲೆಕ್ಕದಲ್ಲಿ ಬ್ರೆಜಿಲ್ ಕರಾವಳಿಯ ಆಚೆ ಎಲ್ಲೋ ಒಂದು ಸರಕು ಹಡಗಿನ ಮೇಲೆ ನಿಂತಿರಬೇಕಿತ್ತು.

"ಅದು... ಅಂಚಿನಲ್ಲಿ ಸ್ವಲ್ಪ ಹಸಿರು ಉಳಿದಿತ್ತು," ಎಂದಳು.

"ಎಷ್ಟು ಜನಕ್ಕೆ ಹೇಳಿದ್ದೀರಿ?"

"ಯಾರಿಗೂ ಇಲ್ಲ."

"ಅಮ್ಮನಿಗೆ?"

"ಯಾರಿಗೂ ಇಲ್ಲ ಅಂದ್ನಲ್ಲ."

ಅವನು ಅಲ್ಲೇ ಬಾಗಿಲಿಗೆ ಒರಗಿ ನಿಂತುಬಿಟ್ಟ. ಬೈಯಲು ಬಂದವನೋ, ಬೇಡಿಕೊಳ್ಳಲು ಬಂದವನೋ... ದೆನಿತ್ಸಾಳಿಗೆ ತಿಳಿಯಲಿಲ್ಲ. ಬಹುಶಃ ಅವನಿಗೂ ತಿಳಿದಿರಲಿಲ್ಲ.

"ಕೂತ್ಕೊಳ್ಳಿ," ಎಂದಳು. "ಕಾಫಿ ಮಾಡ್ತೀನಿ. ಆ ಟೋಪಿ ತೆಗೀರಿ, ಒಳಗೆ ಯಾರೂ ಇಲ್ಲ."

ವಿದಿನ್ ದೊಡ್ಡ ಊರಲ್ಲ. ಡಾನ್ಯೂಬ್ ನದಿ ತಿರುವು ತೆಗೆದುಕೊಳ್ಳುವ ಕಡೆ, ಬಲ್ಗೇರಿಯಾದ ಒಂದು ಮೂಲೆಯಲ್ಲಿ ಅದರ ಪಾಡಿಗೆ ಅದು ಇದೆ. ಊರಾಚೆಯ ಸೇತುವೆ ದಾಟಿದರೆ ರೊಮೇನಿಯಾ. ಊರಿನ ಅರ್ಧ ಜನ ಇಟಲಿಯಲ್ಲೋ ಸ್ಪೇನಿನಲ್ಲೋ ದುಡಿಯುತ್ತಾರೆ. ಉಳಿದ ಅರ್ಧ ಜನ ಅವರಿಗೆ ಶುಭಾಶಯದ ವಿಡಿಯೊ ಕಳಿಸುತ್ತಾರೆ. ಅಪ್ಪ ಬಿಟ್ಟುಹೋದ ಫೋಟೊ ಸ್ಟುಡಿಯೊವನ್ನು ದೆನಿತ್ಸಾ ನಡೆಸಿಕೊಂಡು ಹೋಗುತ್ತಿದ್ದದ್ದು ಈ ವಿಡಿಯೊಗಳ ದೆಸೆಯಿಂದಲೇ.

ಹಿಂದಿನ ಗೋಡೆಗೆ ಬಿಗಿಯಾಗಿ ಎಳೆದು ಕಟ್ಟಿದ ಹಸಿರು ಬಟ್ಟೆ. ಮುಂದೆ ಒಂದು ಸ್ಟೂಲು, ಎರಡು ದೀಪ. ಕಂಪ್ಯೂಟರ್ ಕೊಂಡಾಗ ಜೊತೆಗೇ ಬಂದ ಒಂದು ಸಾಧಾರಣ ಎಡಿಟಿಂಗ್ ಸಾಫ್ಟ್‌ವೇರ್. ಅದು ಹಸಿರನ್ನೆಲ್ಲ ಅಳಿಸಿ, ಆ ಜಾಗದಲ್ಲಿ ಬೇಕಾದ ದೃಶ್ಯ ಕೂರಿಸುತ್ತಿತ್ತು. ಅಷ್ಟರಲ್ಲೇ ಅವಳು ಜನರನ್ನು ಪ್ಯಾರಿಸ್‌ನಲ್ಲಿ ನಿಲ್ಲಿಸುತ್ತಿದ್ದಳು, ಹಿಮಬೆಟ್ಟದ ಮೇಲೆ ಹಾಡಿಸುತ್ತಿದ್ದಳು. ಗಿಂಕಾ ಎಂಬ ಜಾನಪದ ಗಾಯಕಿ ಹಸಿರು ಕುಪ್ಪಸ ತೊಟ್ಟು ಬಂದು, ಬೇಡ ಅಂದರೂ ಕೇಳದೆ ಹಾಡಿ, ಕೊನೆಗೆ ಜಲಪಾತದ ಮುಂದೆ ಬರೀ ತಲೆ ಮತ್ತು ಎರಡು ಕೈ ಮಾತ್ರ ಹಾಡುತ್ತಿರುವುದನ್ನು ಕಂಡು ಕಿರುಚಿಕೊಂಡದ್ದು ಊರಿಗೆಲ್ಲ ಗೊತ್ತಿದ್ದ ಕಥೆ.

ನೆವೆನಾ ಚಿಕ್ಕಮ್ಮ ಮಗನ ವಿಡಿಯೊ ಹಿಡಿದು ಅಂಗಡಿಗೆ ಬರತೊಡಗಿದ್ದು ಆ ವರ್ಷದ ಬೇಸಿಗೆಯಲ್ಲಿ. ನೆಂಟಸ್ತಿಕೆ ಏನಿಲ್ಲ, ಹಿರಿಯ ಹೆಂಗಸರನ್ನು ಊರಲ್ಲಿ ಹಾಗೆ ಕರೆಯುವುದು ರೂಢಿ. ಮಗ ಕಾಮೆನ್ ಹಡಗಿನಿಂದ ಫೋನಿಗೆ ಕಳಿಸುವ ವಿಡಿಯೊಗಳನ್ನು ದೊಡ್ಡ ಟಿವಿಯಲ್ಲಿ ನೋಡಬೇಕು, ಪೆನ್‌ಡ್ರೈವ್‌ಗೆ ಹಾಕಿಕೊಡು ಅಂತ. ಅವರ ಬೀದಿಯಲ್ಲಿ ಎಲ್ಲರೂ ಅವರನ್ನು ಕರೆಯುತ್ತಿದ್ದದ್ದು 'ಕ್ಯಾಪ್ಟನ್ ಅಮ್ಮ' ಎಂದು. ಮಗ ಇನ್ನೂ ಕ್ಯಾಪ್ಟನ್ ಆಗಿರಲಿಲ್ಲ. ಆದರೂ ಯಾರೂ ತಿದ್ದುತ್ತಿರಲಿಲ್ಲ.

ಮೊದಲ ವಿಡಿಯೊ ತೆರೆದು ನೋಡಿದಾಗಲೇ ದೆನಿತ್ಸಾಳಿಗೆ ಗೊತ್ತಾಗಿತ್ತು.

ಹಿಂದೆ ಸಮುದ್ರ ಉಕ್ಕುತ್ತಿದೆ, ಅವನ ಒಂದು ಕೂದಲೂ ಅಲುಗುತ್ತಿಲ್ಲ. ಸೂರ್ಯ ಬಲಕ್ಕಿದ್ದಾನೆ, ಮುಖದ ಮೇಲೆ ಬೆಳಕು ಎಡದಿಂದ ಬೀಳುತ್ತಿದೆ. ಬಲಗಿವಿಯ ಸುತ್ತ ತೆಳ್ಳಗೆ ಒಂದು ಹಸಿರು ಗೆರೆ.

'ಅಯ್ಯೋ ಪುಣ್ಯಾತ್ಮ... ನೀನು ಯಾವ ಹಡಗಿನಲ್ಲೂ ಇಲ್ಲ. ಯಾವುದೋ ಕೋಣೆಯಲ್ಲಿದ್ದೀಯ.'

ಹೇಳಿಬಿಡಬೇಕು ಅನ್ನಿಸಿತು. ಆದರೆ ಕೌಂಟರಿನ ಆಚೆ ನೆವೆನಾ ಚಿಕ್ಕಮ್ಮ ಕೈಚೀಲವನ್ನು ಎದೆಗೊತ್ತಿಕೊಂಡು, ಪರದೆಯ ಮೇಲಿನ ಮಗನನ್ನೇ ನೋಡುತ್ತ ನಿಂತಿದ್ದರು. ಕಣ್ಣಲ್ಲಿ ಅದೆಷ್ಟು ನೆಮ್ಮದಿ! ದೆನಿತ್ಸಾಳಿಗೆ ಹೇಳಲು ಬಾಯಿ ಬರಲಿಲ್ಲ.

ದೊಡ್ಡ ಟಿವಿಯಲ್ಲಿ ಆ ಗೆರೆ ಇನ್ನೂ ಎದ್ದು ಕಾಣುತ್ತೆ. ಅಕ್ಕಪಕ್ಕದವರು ಯಾರಾದರೂ ಕೇಳಿಬಿಟ್ಟರೆ?

"ನಾಳೆ ಬನ್ನಿ ಚಿಕ್ಕಮ್ಮ," ಎಂದಳು. ಆ ಸಂಜೆ ಕಿವಿಯ ಹಸಿರನ್ನು ಒರೆಸಿ, ಮುಖಕ್ಕೆ ಬಲಗಡೆಯಿಂದ ಒಂದಿಷ್ಟು ಬಿಸಿಲು ಬಳಿದು, ಭುಜದ ಅಂಚನ್ನು ಮೆತ್ತಗೆ ಮಾಡಿದಳು. ಮುಂದಿನ ಸಲವೂ ಹಾಗೇ. ಅದರ ಮುಂದಿನ ಸಲವೂ.

ನೋಡದ ಮನುಷ್ಯನ ಮುಖವನ್ನು ಅಷ್ಟು ಹತ್ತಿರದಿಂದ, ಅಷ್ಟು ಹೊತ್ತು, ಕೂದಲು ಕೂದಲಾಗಿ ನೋಡಿದರೆ ಏನಾಗುತ್ತದೋ, ಅವಳಿಗೂ ಅದೇ ಆಯಿತು. ಆದರೆ ಅದಕ್ಕೊಂದು ಹೆಸರು ಕೊಡುವ ಧೈರ್ಯ ಅವಳಿಗೆ ಬಂದಿರಲಿಲ್ಲ.

ಈಗ ಅದೇ ಮುಖ ಎದುರಿಗೇ ಕೂತು ಕಾಫಿ ಕುಡಿಯುತ್ತಿದೆ.

"ನಿಮ್ಮ ಅಂಗಡಿಯಲ್ಲಿ ಮಾಡಿಸಿದ್ದು ಅಂತ ಅಮ್ಮ ಆ ವಿಡಿಯೊನ ಮನೆಯವರ ಗ್ರೂಪಿಗೆ ಹಾಕಿದ್ಲು," ಎಂದ ಕಾಮೆನ್. "ನನಗೆ ನನ್ನದೇ ಗುರುತು ಸಿಗಲಿಲ್ಲ. ನಾನು ಕಳಿಸಿದ್ದು ಸತ್ತ ಮೀನಿನ ಹಾಗಿತ್ತು. ಇದರಲ್ಲಿ ಮೈ ಮೇಲೆ ಬಿಸಿಲು ಬಿದ್ದಿದೆ. ಯಾರಿಗೋ ಗೊತ್ತಾಗಿದೆ ಅಂತ ಹೊಳೀತು. ಆವತ್ತಿಂದ ನಿದ್ದೆ ಇಲ್ಲ."

"ಎಲ್ಲಿದ್ದೀರಿ ನೀವು, ನಿಜವಾಗ್ಲೂ?"

"ವ್ರಾತ್ಸಾದಲ್ಲಿ, ಬಸ್ಸಿನಲ್ಲಿ ಎರಡು ಗಂಟೆ ದೂರ. ಒಂದು ಬೇಕರಿಯಲ್ಲಿ ಚೀಸ್ ತುಂಬಿದ ಬಾನಿತ್ಸಾ ಮಾಡ್ತೀನಿ. ಬೇಕರಿ ಹಿಂದೇನೇ ನನ್ನ ಕೋಣೆ, ಗೋಡೆಗೆ ಹಸಿರು ಮೇಜುಬಟ್ಟೆ ಹೊಡೆದಿದ್ದೀನಿ."

"ಮೇಜುಬಟ್ಟೆನಾ?"

"ಅದರಲ್ಲಿ ಚುಕ್ಕಿ ಬೇರೆ ಇದೆ."

"ಅದಕ್ಕೇ ನಿಮ್ಮ ಭುಜದ ಹತ್ತಿರ ಸಮುದ್ರದಲ್ಲಿ ತೂತು ಬೀಳ್ತಿತ್ತು. ನೋಡೋರು ಮೀನು ಹಾರ್ತಿದೆ ಅನ್ಕೊಳ್ಳಲಿ ಅಂತ ನಾನು ಬಿಟ್ಟೆ."

ಅವನ ತುಟಿ ಒಂದು ಗಳಿಗೆ ಬಿಗಿಯಾಯಿತು. ಆಮೇಲೆ ನಕ್ಕ. ಪರದೆಯ ಮೇಲೆ ಅಷ್ಟು ಸಲ ನೋಡಿದ ನಗು, ಅಂಗಡಿಯೊಳಗೆ ಸದ್ದು ಮಾಡಿ ನಗುವಾಗ ಬೇರೆಯೇ ಆಗಿತ್ತು. ದೆನಿತ್ಸಾ ಕಪ್ಪಿನೊಳಗೆ ನೋಡಿದಳು.

ಹೋಗುವಾಗ ಕೇಳಿದ. "ಇನ್ನು ಮುಂದೆ ನೀವೇ ಮಾಡಿಕೊಡ್ತೀರಾ? ನಿಕುಲ್ಡೆನ್ ತನಕ, ಡಿಸೆಂಬರಿನ ನಾವಿಕರ ಹಬ್ಬ. ಆವತ್ತು ಅಮ್ಮ ಬೀದಿಯವರನ್ನೆಲ್ಲ ಊಟಕ್ಕೆ ಕರೀತಾಳೆ, ನಾವಿಕನ ಮನೆಯಲ್ವಾ... ಎಲ್ಲರ ಮುಂದೆ ನನ್ನ ವಿಡಿಯೊ ಹಾಕ್ತಾಳೆ. ಅದೊಂದು ಚೆನ್ನಾಗಿ ಆಗಬೇಕು."

ಬೇಡ ಅನ್ನಬೇಕಿತ್ತು. "ಭಾನುವಾರ ಬನ್ನಿ," ಎಂದುಬಿಟ್ಟಳು.

ಆ ಶರತ್ಕಾಲದ ಭಾನುವಾರಗಳಲ್ಲಿ ಅವನು ಬಸ್ಸಿಳಿದು, ಟೋಪಿ ಎಳೆದುಕೊಂಡು, ಹಿಂದಿನ ಓಣಿಯಿಂದ ಬರುತ್ತಿದ್ದ. ಅಂಗಳ ಅಂಗಳದಲ್ಲಿ ಜನ ಕೆಂಪು ಮೆಣಸಿನಕಾಯಿ ಸುಡುತ್ತಿದ್ದರು. ಊರಿಡೀ ಆ ವಾಸನೆ. ಅವನು ಬಾಗಿಲಲ್ಲೇ ನಿಂತು ಒಮ್ಮೆ ಅದನ್ನು ಮೂಗಿನ ತುಂಬ ಎಳೆದುಕೊಂಡು ಒಳಗೆ ಬರುತ್ತಿದ್ದ. ತನ್ನ ಮನೆ ನಾಲ್ಕು ಬೀದಿ ಆಚೆ ಇದ್ದರೂ ಹೋಗಲಾಗದವನ ಸಂಕಟ ಅದು.

"ಬಟ್ಟೆಗೆ ಅಂಟಿಕೊಂಡು ನಿಲ್ಲಬೇಡಿ," ಎಂದು ದೆನಿತ್ಸಾ ಹೇಳಿಕೊಡುತ್ತಿದ್ದಳು. "ಮುಂದೆ ಬನ್ನಿ... ಇನ್ನೂ. ಹತ್ತಿರ ನಿಂತ್ರೆ ಬಟ್ಟೆಯ ಹಸಿರು ಹೆಗಲಿಗೆ ಹತ್ತುತ್ತೆ. ಸಮುದ್ರದಲ್ಲಿ ಸೂರ್ಯ ಯಾವ ಕಡೆ ಇದ್ದಾನೋ, ದೀಪಾನೂ ಅದೇ ಕಡೆ."

"ಸೂರ್ಯ ಇಲ್ಲದಿದ್ರೆ?"

"ದೀಪದ ಮುಂದೆ ಬಿಳಿ ಬಟ್ಟೆ ಕಟ್ತೀನಿ. ಮೋಡದ ದಿನ ನೆರಳು ಗಟ್ಟಿಯಾಗಿರಲ್ಲ."

ಮೇಜಿನ ಫ್ಯಾನ್ ಇಟ್ಟು ಅವನ ಕೂದಲಿಗೆ ಗಾಳಿ ಕೊಟ್ಟಳು. ಆಮೇಲೆ ಅವನು ಪಕ್ಕದಲ್ಲೇ ಕೂತು ನೋಡುತ್ತಿದ್ದ. ಹಸಿರು ಒಂದೇ ಏಟಿಗೆ ಮಾಯವಾಗುತ್ತಿತ್ತು, ಅದರ ಜಾಗದಲ್ಲಿ ನೀರು ಬರುತ್ತಿತ್ತು. ನಿಜವಾದ ಕೆಲಸ ಆಮೇಲೆ. ಕತ್ತರಿಸಿ ಅಂಟಿಸಿದ ಹಾಗಿದ್ದ ಅಂಚನ್ನು ಅವಳು ಒಂದು ಕೂದಲೆಳೆಯಷ್ಟು ಒಳಗೆ ಸರಿಸಿ, ಮೆತ್ತಗೆ ಮಾಡುತ್ತಿದ್ದಳು. ಮುಖದ ಹಳದಿ ಇಳಿಸಿ ನೀರಿನ ನೀಲಿಯನ್ನು ಚೂರು ಸೇರಿಸುತ್ತಿದ್ದಳು. ದೂರದ ಅಲೆಗಳನ್ನು ಮಸುಕು ಮಾಡುತ್ತಿದ್ದಳು. ಕೊನೆಗೆ, ಕೇಳಿ ನೋಡದೆಯೇ, ಅಲೆಯ ಸದ್ದಿನ ಒಂದು ತುಣುಕು ಸೇರಿಸುತ್ತಿದ್ದಳು.

"ಈಗ ನೋಡಿ. ಈಗ ಅಲ್ಲಿದ್ದೀರಿ."

ಅವನು ಪರದೆಯ ಮೇಲೆ, ಹಡಗಿನ ಕಟಕಟೆಯ ಮುಂದೆ ನಿಂತ ತನ್ನನ್ನೇ ನೋಡುತ್ತಿದ್ದ.

ಹಡಗು ಬಿಟ್ಟದ್ದು ಯಾಕೆ ಅಂತ ಆವತ್ತು ಹೇಳಿದ. ಹಡಗಿನ ಹೊಟ್ಟೆಯೊಳಗಿನ ನೀರಿನ ತೊಟ್ಟಿ ಪರೀಕ್ಷಿಸಲು ಇಳಿದಿದ್ದ. ಒಳಗೆ ಯಾರೂ ಇಲ್ಲವೆಂದುಕೊಂಡು ಮೇಲಿನವರು ಮುಚ್ಚಳ ಹಾಕಿದರು. ದೀಪ ಆರಿಹೋಯಿತು. ಕತ್ತಲೆ. ಕಬ್ಬಿಣದ ಆಚೆ ಸಮುದ್ರ ಬಡಿಯುವ ಸದ್ದು.

"ಕೂಗಿದೆ. ಗಂಟಲು ಹೋಗೋ ತನಕ ಕೂಗಿದೆ. ಹೊರಗೆ ತೆಗೆದಾಗ ನಾನು ಚೆನ್ನಾಗೇ ಇದ್ದೆ. ಒಂದು ಗಾಯ ಇಲ್ಲ. ಮಾರನೆ ದಿನ ಕೆಳಗೆ ಇಳಿಯೋಕೆ ಹೋದ್ರೆ ಕಾಲು ಬರಲಿಲ್ಲ. ಅದರ ಮಾರನೆ ದಿನವೂ. ಮುಂದಿನ ಬಂದರಿನಲ್ಲಿ ಇಳಿಸಿ ಮನೆಗೆ ಕಳಿಸಿದ್ರು."

"ಅಮ್ಮನಿಗೆ ಯಾಕೆ ಹೇಳಲಿಲ್ಲ?"

"ಹೇಗೆ ಹೇಳಲಿ? ಅಪ್ಪನ ನಾವಿಕ ಟೋಪಿ ಈಗ್ಲೂ ಗೋಡೆ ಮೇಲಿದೆ. ದಿನಾ ಧೂಳು ಒರೆಸ್ತಾಳೆ. ಬೀದಿಯವರೆಲ್ಲ ಕ್ಯಾಪ್ಟನ್ ಅಮ್ಮ ಅಂತಾರೆ. ಮಗ ಏಣಿ ಕಂಡ್ರೆ ಹೆದರ್ತಾನೆ ಅಂತ ಹೇಳಲಾ?"

ದೆನಿತ್ಸಾ ಅವನ ಕೈಯ ಮೇಲೆ ತನ್ನ ಕೈ ಇಟ್ಟಳು. ಯೋಚಿಸಿ ಇಟ್ಟದ್ದಲ್ಲ. ಇಟ್ಟಮೇಲೆ ತೆಗೆಯಲೂ ಇಲ್ಲ.

ಆ ದಿನದಿಂದ 'ನೀವು' ಹೋಗಿ 'ನೀನು' ಬಂತು. ಅವನು ಬೇಕರಿಯಿಂದ ಬಾನಿತ್ಸಾ ತರತೊಡಗಿದ. ವಿಡಿಯೊ ಮುಗಿದರೂ ಕೊನೆಯ ಬಸ್ಸಿನ ತನಕ ಕೂರತೊಡಗಿದ. ಅವಳನ್ನು ಮದುವೆಯಾಗುತ್ತೇನೆಂದು ಹೇಳಿ ಸ್ಪೇನಿಗೆ ಹೋದವನೊಬ್ಬ ಮೊದಲು ದಿನಾ, ಆಮೇಲೆ ವಾರಕ್ಕೊಮ್ಮೆ, ತಿಂಗಳಿಗೊಮ್ಮೆ ಕರೆ ಮಾಡಿ, ಕೊನೆಗೆ ಸುಮ್ಮನಾದ ಕಥೆಯನ್ನು ಅವಳು ಯಾರಿಗೂ ಹೇಳಿರಲಿಲ್ಲ. ಕಾಮೆನ್‌ಗೆ ಹೇಳಿದಳು.

'ಇವನು ಭಾನುವಾರ ಬರ್ತಾನೆ. ಬರ್ತೀನಿ ಅಂದ್ರೆ ಬರ್ತಾನೆ...' ಅಷ್ಟೇ ಸಾಕಾಗಿತ್ತು ಅವಳಿಗೆ.

ಹೀಗಿರುವಾಗ ಒಂದು ದಿನ ನೆವೆನಾ ಚಿಕ್ಕಮ್ಮ ಬಂದರು. ಮೆಣಸಿನಕಾಯಿ ಗೊಜ್ಜಿನ ಒಂದು ಬಾಟಲಿ ಕೌಂಟರಿನ ಮೇಲಿಟ್ಟರು. ವಿಡಿಯೊ ನೋಡಿದರು. ಆಮೇಲೆ ದೆನಿತ್ಸಾಳ ಮುಖವನ್ನೇ ನೋಡುತ್ತ ಕೇಳಿದರು.

"ನೀನು ಅವನನ್ನ ಇಷ್ಟು ಹತ್ತಿರದಿಂದ ನೋಡ್ತೀಯಲ್ಲ ಮಗಳೇ... ಸರಿಯಾಗಿ ಊಟ ಮಾಡ್ತಿದ್ದಾನಾ? ನಿನಗೇನನ್ಸುತ್ತೆ?"

ದೆನಿತ್ಸಾ ಬಾಟಲಿಯನ್ನು ಪಕ್ಕಕ್ಕೆ ಸರಿಸಿದಳು. "ಮಾಡ್ತಿರಬೇಕು ಚಿಕ್ಕಮ್ಮ... ಹಡಗಲ್ಲಿ ಒಳ್ಳೆ ಅಡುಗೆಯವರು ಇರ್ತಾರಂತೆ."

"ಹೂಂ," ಎಂದರು ಅವರು. ಇನ್ನೂ ಏನಕ್ಕೋ ಕಾಯುವವರ ಹಾಗೆ ಸ್ವಲ್ಪ ಹೊತ್ತು ನಿಂತರು. ಆಮೇಲೆ ಹೊರಟುಹೋದರು.

ಆ 'ಹೂಂ' ಅವಳನ್ನು ಆ ವಾರ ಪೂರ್ತಿ ಬಿಡಲಿಲ್ಲ. ಕಿವಿಯ ಹಸಿರು ಒರೆಸಿದ್ದು ಬೇರೆ. ಒಬ್ಬ ತಾಯಿಯ ಮುಖ ನೋಡಿಕೊಂಡು ಸುಳ್ಳು ಹೇಳಿದ್ದು ಬೇರೆ.

ಭಾನುವಾರ ಅವನು ಬಂದಾಗ ದೀಪ ಹಚ್ಚಿರಲಿಲ್ಲ.

"ಇನ್ನು ನನ್ನ ಕೈಲಿ ಆಗಲ್ಲ ಕಾಮೆನ್. ಹಬ್ಬಕ್ಕೆ ಮುಂಚೆ ಅಮ್ಮನಿಗೆ ಹೇಳಿಬಿಡು."

"ಹಬ್ಬ ಮುಗೀಲಿ..."

"ಹಬ್ಬ ಮುಗಿದ ಮೇಲೆ ಕ್ರಿಸ್ಮಸ್ ಬರುತ್ತೆ. ಆಮೇಲೆ ಈಸ್ಟರ್. ಅವರು ನನ್ನ ಮುಖ ನೋಡಿ ಕೇಳಿದ್ರು, ಮಗ ಊಟ ಮಾಡ್ತಿದ್ದಾನಾ ಅಂತ. ನಾನು ಹಡಗಿನ ಅಡುಗೆಯವನ ಕಥೆ ಹೇಳಿದೆ. ಅವರ ಗೊಜ್ಜು ತಿನ್ನೋಕೆ ನನಗೆ ಮನಸ್ಸಾಗ್ತಿಲ್ಲ."

"ನಿನಗೆ ಗೊತ್ತಿಲ್ಲ ಅವಳು..."

"ಗೊತ್ತು. ನೀನು ಅಮ್ಮನಿಗೆ ಇಷ್ಟು ಚೆನ್ನಾಗಿ ಸುಳ್ಳು ಹೇಳೋದನ್ನ ನಾನೇ ಕೂತು ಕಲಿಸಿದ್ದೀನಿ. ನಾಳೆ ನನಗೇ ಸುಳ್ಳು ಹೇಳಿದ್ರೆ ಹೇಗೆ ಗೊತ್ತಾಗಬೇಕು?"

ಆ ಮಾತು ಬಾಯಿಂದ ಜಾರಿದ ಮೇಲೆ ವಾಪಸ್ ಬರಲಿಲ್ಲ. ಕಾಮೆನ್‌ನ ಮುಖ ಬಿಳಿಚಿತು.

"ಅಂದ್ರೆ... ಹೇಡಿ ಅಂತ ಗೊತ್ತಿತ್ತು. ಈಗ ಮೋಸಗಾರನೂ ಆದೆ."

"ನಾನು ಹಾಗೆ ಅನ್ನಲಿಲ್ಲ."

"ಹೇಳಬೇಕಾಗಿಲ್ಲ ಬಿಡು."

ಟೋಪಿ ಹಾಕಿಕೊಂಡ. ಬಾಗಿಲು ಮುಚ್ಚಿಕೊಂಡಿತು. ಬಾನಿತ್ಸಾ ಪೊಟ್ಟಣ ಮೇಜಿನ ಮೇಲೆ ಬಿಚ್ಚದೆಯೇ ಉಳಿದಿತ್ತು.

ಮುಂದಿನ ಭಾನುವಾರ ಅವನು ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ. ದೆನಿತ್ಸಾ ಫೋನ್ ಕೈಗೆತ್ತಿಕೊಳ್ಳುವಳು, ಕೆಳಗಿಡುವಳು. 'ತಪ್ಪು ನನ್ನದಲ್ಲ,' ಎಂದು ತನಗೆ ತಾನೇ ಹೇಳಿಕೊಳ್ಳುವಳು. ತಪ್ಪು ಯಾರದ್ದಾದರೇನು... ಬಾಗಿಲು ಸದ್ದಾದರೆ ತಲೆಯೆತ್ತಿ ನೋಡುವುದು ಮಾತ್ರ ನಿಲ್ಲಲಿಲ್ಲ. ಗಿಂಕಾ ಹೊಸ ಹಾಡಿಗೆ ಬಂದಳು. ಈ ಸಲ ಕೆಂಪು ಕುಪ್ಪಸ ತೊಟ್ಟು ಬಂದಿದ್ದಳು. ದೆನಿತ್ಸಾಳಿಗೆ ನಗುವೇ ಬರಲಿಲ್ಲ.

ನಿಕುಲ್ಡೆನ್ ಬಂತು. ಮಂಜು ನದಿಯಿಂದ ಎದ್ದು ಬೀದಿಗಳ ತನಕ ತುಂಬಿಕೊಂಡಿತ್ತು. ಬೆಳಿಗ್ಗೆ ಅಂಗಡಿ ತೆಗೆಯುತ್ತಿದ್ದಂತೆ ನೆವೆನಾ ಚಿಕ್ಕಮ್ಮ ಬಂದರು. ತೋಳಿನ ತನಕ ಹಿಟ್ಟು ಮೆತ್ತಿಕೊಂಡಿತ್ತು. ಕಾರ್ಪ್ ಮೀನಿನ ಹೊಟ್ಟೆಗೆ ಅಕ್ರೋಟು ತುಂಬಿ, ಹಿಟ್ಟಿನಲ್ಲಿ ಸುತ್ತುವ ಕೆಲಸವನ್ನು ಅರ್ಧಕ್ಕೇ ಬಿಟ್ಟು ಓಡಿಬಂದಿದ್ದರು.

"ಇದು ನೋಡು," ಎಂದು ಫೋನ್ ಚಾಚಿದರು. "ಈಗ ಬಂತು."

ದೆನಿತ್ಸಾ ಅದನ್ನು ಕಂಪ್ಯೂಟರಿಗೆ ಹಾಕಿದಳು. ಎಂದಿನಂತೆ ಸದ್ದು ಆರಿಸಿದ್ದಳು. ದಿನವಿಡೀ ಒಂದೇ ಹಾಡನ್ನು ನೂರು ಸಲ ಕೇಳಬೇಕಾದ ಕೆಲಸದಲ್ಲಿ ಅದೊಂದು ಹಳೆಯ ಅಭ್ಯಾಸ.

ಕಾಮೆನ್. ಬೂದುಬಣ್ಣದ ನೀರಿನ ಮುಂದೆ, ಯಾವುದೋ ನೌಕೆಯ ಕಟಕಟೆ ಹಿಡಿದು ನಿಂತಿದ್ದಾನೆ. ಗಾಳಿ ಅವನ ಕೂದಲನ್ನು ಹಾರಿಸುತ್ತಿದೆ.

ಅವಳು ಕಿವಿಯನ್ನು ದೊಡ್ಡದು ಮಾಡಿ ನೋಡಿದಳು. ಹಸಿರಿಲ್ಲ. ಹೆಗಲು... ಇಲ್ಲ. ಹಣೆಯ ಮೇಲೆ ಹಾರುವ ಒಂದೊಂದು ಕೂದಲಿನ ಅಂಚನ್ನೂ ನೋಡಿದಳು. ಎಲ್ಲವೂ ಶುಭ್ರ.

'ಯಾರು ಮಾಡಿದ್ದು ಇದನ್ನ?'

ಮೊದಲು ಬಂದದ್ದು ಹೊಟ್ಟೆಕಿಚ್ಚು. ನನಗಿಂತ ಚೆನ್ನಾಗಿ ಬಲ್ಲವರು ಸಿಕ್ಕಿದ್ದಾರೆ. ವ್ರಾತ್ಸಾದಲ್ಲೇ ಯಾವಳೋ... ಅವಳ ಪಕ್ಕ ಕೂತು ನೋಡಿರುತ್ತಾನೆ. ಅವಳಿಗೂ ಬಾನಿತ್ಸಾ ತಂದಿರುತ್ತಾನೆ. ಸುಳ್ಳಿಗೆ ಬೇರೆ ಜೊತೆಗಾತಿ ಸಿಕ್ಕಮೇಲೆ ನಾನ್ಯಾಕೆ?

ಕಣ್ಣು ತುಂಬಿಬಂತು. ಮತ್ತೆ ನೋಡಿದಳು. ಆಗ ಅವನ ಗದ್ದದ ಕೆಳಗೆ ಕಂಡಿತು. ನೀರಿನಿಂದ ಮೇಲೆ ಹಾಯ್ದ ಬೆಳಕು, ಅಲೆಯ ಜೊತೆಯೇ ಸಣ್ಣಗೆ ಅಲುಗುತ್ತಿತ್ತು.

ಇಂಥ ಬೆಳಕನ್ನು ಯಾರೂ ಅಂಟಿಸಲಾರರು. ಅವಳ ಸಾಫ್ಟ್‌ವೇರಿನಲ್ಲಂತೂ ಸಾಧ್ಯವೇ ಇಲ್ಲ. ಇದು ನಿಜ. ಅವನು ನಿಜವಾಗಿಯೂ ನೀರಿನ ಮೇಲಿದ್ದಾನೆ.

'ನಾನು ಸುಳ್ಳು ಬೇಡ ಅಂದೆ. ಅವನು ಅದನ್ನೇ ನಿಜ ಮಾಡಿಬಿಟ್ಟ. ಹಡಗು ಹತ್ತಿ ಹೋಗಿಬಿಟ್ಟ...'

"ಮಗಳೇ," ಎಂದರು ನೆವೆನಾ ಚಿಕ್ಕಮ್ಮ. "ಇದೂ ಸುಳ್ಳು ಅಂತ ಹೇಳು."

ದೆನಿತ್ಸಾ ತಿರುಗಿದಳು. "ಏನಂದ್ರಿ?"

"ಹಿಂದೆ ನಿನ್ನ ಹಸಿರು ಬಟ್ಟೆ ಇದೆ ಅಂತ ಹೇಳು. ಬೇರೆ ಎಲ್ಲದರಲ್ಲೂ ಇತ್ತಲ್ಲ."

ಅಪ್ಪನ ಕಾಲದ ಗೋಡೆಗಡಿಯಾರ ಟಿಕ್ ಟಿಕ್ ಅನ್ನುತ್ತಿತ್ತು.

"ನಿಮಗೆ... ಗೊತ್ತಿತ್ತಾ?"

"ಸಮುದ್ರದ ನಡುವೆ ಹುಂಜ ಕೂಗುತ್ತಾ ಮಗಳೇ?" ಎಂದರು ಅವರು. "ಮೊದಲನೇ ವಿಡಿಯೊದಲ್ಲೇ ಕೂಗಿತು. ಅಮ್ಮ ನಾನು ಚೆನ್ನಾಗಿದ್ದೀನಿ ಅಂತಾನೆ, ಹಿಂದಿನಿಂದ ಕೊಕ್ಕೊಕ್ಕೋ. ಬೀದಿಯವರಿಗೆ ಹಾಕುವಾಗ ಟಿವಿ ಸದ್ದನ್ನ ನಾನೇ ಆರಿಸ್ತಿದ್ದೆ."

ಬೇಕರಿ ಹಿಂದೆ ಯಾರೋ ಕೋಳಿ ಸಾಕಿರಬೇಕು! ಇಷ್ಟು ದಿನ ದೆನಿತ್ಸಾ ಅವನ ಅಂಚು ನೋಡಿದಳೇ ಹೊರತು ಒಮ್ಮೆಯೂ ಕಿವಿಗೊಡಲಿಲ್ಲ.

"ಆಮೇಲಿನದರಲ್ಲಿ ಹುಂಜ ಹೋಯ್ತು, ಅಲೆ ಸದ್ದು ಬಂತು. ಅಲೆ ಹಿಂದೆ ಟಿಕ್ ಟಿಕ್ ಅಂತ ನಿಮ್ಮಪ್ಪನ ಗಡಿಯಾರ. ಈ ಅಂಗಡಿಗೆ ನಿನ್ನ ವಯಸ್ಸಿನಿಂದ ಬರ್ತಿದ್ದೀನಿ, ನನಗೆ ಗೊತ್ತಾಗಲ್ವಾ? ನನ್ನ ಮಗ ನಿನ್ನ ಹತ್ರ ಬರ್ತಿದ್ದಾನೆ ಅಂತ ಎಷ್ಟು ಖುಷಿಪಟ್ಟೆ. ಅದಕ್ಕೇ ಕೇಳಿದ್ದು, ಊಟ ಮಾಡ್ತಾನಾ ಅಂತ. ನೀನು ಹಡಗಿನ ಅಡುಗೆಯವನ ಕಥೆ ಹೇಳಿದೆ."

"ಮತ್ತೆ ಯಾಕೆ ಸುಮ್ಮನಿದ್ರಿ ಚಿಕ್ಕಮ್ಮ?"

ಅವರು ಸ್ಟೂಲಿನ ಮೇಲೆ ಕೂತರು. ಹಿಟ್ಟಿನ ಕೈಗಳನ್ನು ಮಡಿಲಲ್ಲಿ ಇಟ್ಟುಕೊಂಡರು.

"ಅವನಪ್ಪ ಸಮುದ್ರದಲ್ಲಿದ್ದಷ್ಟು ವರ್ಷ ಹವಾಮಾನದ ಸುದ್ದಿ ಮುಗಿಯೋ ತನಕ ನಾನು ತುತ್ತು ಬಾಯಿಗಿಟ್ಟವಳಲ್ಲ. ಆಮೇಲೆ ಮಗನೂ ಹೋದ. ಹೋಗಬೇಡ ಅನ್ನೋಕಾಗುತ್ತಾ, ಅಪ್ಪನ ಟೋಪಿ ನೋಡ್ಕೊಂಡು ಬೆಳೆದ ಹುಡುಗ. ಆ ಹುಂಜ ಕೂಗಿದ ದಿನ ನಾನು ಹೊಟ್ಟೆ ತುಂಬ ಊಟ ಮಾಡಿದೆ ಮಗಳೇ. ನನ್ನ ಮಗ ನೆಲದ ಮೇಲಿದ್ದಾನೆ. ಯಾಕೆ, ಏನು... ಹೇಳಬೇಕು ಅನ್ನಿಸಿದಾಗ ಹೇಳಲಿ. ಗೊತ್ತಿದೆ ಅಂದ್ರೆ ನಾಚಿಕೆ ಪಟ್ಟುಕೊಂಡು ಮತ್ತೆ ಹಡಗು ಹತ್ತಿಬಿಟ್ಟರೆ?"

ಫೋನನ್ನು ನೋಡಿದರು.

"ಇದರಲ್ಲಿ ಹುಂಜಾನೂ ಇಲ್ಲ, ಗಡಿಯಾರಾನೂ ಇಲ್ಲ. ಬರೀ ಗಾಳಿ. 'ಅಮ್ಮ, ಈಗ ನಿಜವಾಗ್ಲೂ ನೀರಿನ ಮೇಲಿದ್ದೀನಿ' ಅಂತಾನೆ. ನಿಜವಾಗ್ಲೂ ಅಂದ್ರೆ ಏನರ್ಥ? ಎಲ್ಲಿದ್ದಾನೆ ನನ್ನ ಮಗ?"

ದೆನಿತ್ಸಾ ಮತ್ತೆ ಪರದೆಗೆ ತಿರುಗಿದಳು. ಈ ಸಲ ಅವನನ್ನು ಬಿಟ್ಟು ಅವನ ಹಿಂದೆ ನೋಡಿದಳು.

ಮಂಜು. ಬೂದು ನೀರು. ಅಲೆ ಚಿಕ್ಕದು, ತೀರ ಚಿಕ್ಕದು. ಸಮುದ್ರಕ್ಕೆ ಇಷ್ಟು ಚಿಕ್ಕ ಅಲೆ ಇರುತ್ತದೆಯೇ? ಬೆಳಕನ್ನು ಸ್ವಲ್ಪ ಏರಿಸಿದಳು. ಮಂಜಿನೊಳಗಿನಿಂದ ಪಾಪ್ಲರ್ ಮರಗಳ ಒಂದು ಸಾಲು ಹೊರಗೆ ಬಂತು. ಅದರ ಎಡಕ್ಕೆ ಎತ್ತರದ ಒಂದು ಕಂಬ. ಕಂಬದಿಂದ ಎರಡೂ ಕಡೆ ಇಳಿಬಿಟ್ಟ ದಪ್ಪ ತಂತಿಗಳು...

"ಚಿಕ್ಕಮ್ಮ," ಎಂದಳು. "ಇದು ನಮ್ಮ ಸೇತುವೆ."

"ಯಾವ ಸೇತುವೆ?"

"ನಮ್ಮದು. ಆಚೆ ದಡ ರೊಮೇನಿಯಾ. ಇದು ಸಮುದ್ರ ಅಲ್ಲ ಚಿಕ್ಕಮ್ಮ, ಡಾನ್ಯೂಬ್. ಅವನು ಇಲ್ಲೇ ಇದ್ದಾನೆ. ಊರ ಪಕ್ಕದಲ್ಲೇ ಇದ್ದಾನೆ."

ನೆವೆನಾ ಚಿಕ್ಕಮ್ಮ ಪರದೆಗೆ ಮೂಗು ತಾಗುವಷ್ಟು ಬಗ್ಗಿ ನೋಡಿದರು. ಆಮೇಲೆ ಹಿಟ್ಟಿನ ಕೈಯಿಂದಲೇ ಮುಖ ಮುಚ್ಚಿಕೊಂಡು ಅತ್ತರು. ಅಳುತ್ತಲೇ ನಕ್ಕರು. ಕೆನ್ನೆಯ ತುಂಬ ಹಿಟ್ಟಾಯಿತು.

"ಹೋಗು," ಎಂದರು ಮೂಗು ಒರೆಸಿಕೊಳ್ಳುತ್ತ. "ಹಡಗುಕಟ್ಟೆಗೆ ಹೋಗಿ ಕರ್ಕೊಂಡು ಬಾ. ನಾನು ಬಂದ್ರೆ ಮುದುಡಿಕೊಳ್ತಾನೆ. ಮೀನು ಇನ್ನೂ ಒಲೆಗೆ ಹೋಗಿಲ್ಲ, ನನಗೆ ಪುರುಸೊತ್ತಿಲ್ಲ ಅಂತ ಹೇಳು."

ದೆನಿತ್ಸಾ ಕೋಟಿನ ಗುಂಡಿ ಹಾಕದೆಯೇ ಓಡಿದಳು.

ಮರಳು ತುಂಬಿದ ಉದ್ದನೆಯ ದೋಣಿಯೊಂದು ಹಡಗುಕಟ್ಟೆಗೆ ತಾಗಿ ನಿಂತಿತ್ತು. ಅದನ್ನು ಎಳೆದು ತಂದ ಪುಟ್ಟ ನೌಕೆಯ ಅಟ್ಟದ ಮೇಲೆ, ಟೋಪಿಯಿಲ್ಲದೆ, ಹಗ್ಗ ಸುತ್ತುತ್ತಿದ್ದವನು ಕಾಮೆನ್.

ಅವಳನ್ನು ಕಂಡು ಹಗ್ಗ ಬಿಟ್ಟ. ಹಲಗೆ ದಾಟಿ ದಡಕ್ಕೆ ಬಂದ. ಆದರೆ ಹತ್ತಿರ ಬರದೆ ಮೂರು ಹೆಜ್ಜೆ ಆಚೆಯೇ ನಿಂತ.

"ಬೇಕರಿ ಬಿಟ್ಟೆ," ಎಂದ. "ಇಲ್ಲಿ ಅಟ್ಟದ ಮೇಲಿನ ಕೆಲಸ ಅಷ್ಟೇ. ಎಲ್ಲಿಂದ ನೋಡಿದ್ರೂ ದಡ ಕಾಣುತ್ತೆ. ಕೆಳಗೆ ಇಳಿಯೋಕೆ ಇನ್ನೂ ಆಗಲ್ಲ. ಅದನ್ನ ಮೊದಲೇ ಯಜಮಾನರಿಗೆ ಹೇಳಿದೆ. ಒಬ್ಬರಿಗಾದ್ರೂ ನಿಜ ಹೇಳಿ ನೋಡೋಣ ಅಂತ. ಅವರು ಸರಿ ಬಿಡಪ್ಪ ಅಂದ್ರು. ಅಷ್ಟೇ... ಅಷ್ಟು ಸುಲಭ ಇತ್ತು."

"ಅಮ್ಮ ಹೆದರಿಹೋಗಿದ್ರು ಕಾಮೆನ್. ನಾನೂ."

"ಯಾಕೆ? ಇವತ್ತು ಮನೆಗೆ ಬಂದು ಎಲ್ಲ ಹೇಳಬೇಕು ಅಂತಲೇ ಇದ್ದೆ. ಅದಕ್ಕೆ ಮುಂಚೆ ನೀನು ನೋಡಲಿ ಅಂತ ಕಳಿಸಿದ್ದು. ಅಮ್ಮ ಅದನ್ನ ನಿನ್ನ ಹತ್ರಾನೇ ತರ್ತಾಳೆ ಅಂತ ಗೊತ್ತಿತ್ತು. ಸೇತುವೆ ಎದುರಿಗೇ ಬೇಕು ಅಂತ ನಿಂತಿದ್ದೀನಿ. ನೀನು ನೋಡಿದ ತಕ್ಷಣ ಕಂಡುಹಿಡೀತೀಯ ಅನ್ಕೊಂಡೆ."

"ಕಂಡುಹಿಡೀಲಿಲ್ಲ."

"ನೀನಾ? ಮೇಜುಬಟ್ಟೆ ಚುಕ್ಕಿ ಕಂಡುಹಿಡಿದವಳಿಗೆ ಅಷ್ಟು ದೊಡ್ಡ ಸೇತುವೆ ಕಾಣಲಿಲ್ವಾ?"

ದೆನಿತ್ಸಾ ತಲೆ ತಗ್ಗಿಸಿದಳು. ಓಡಿಬಂದ ಉಸಿರು ಇನ್ನೂ ಹಿಡಿತಕ್ಕೆ ಸಿಕ್ಕಿರಲಿಲ್ಲ.

"ಹಿಂದೆ ಏನಿದೆ ಅಂತ ನಾನು ನೋಡ್ಲೇ ಇಲ್ಲ," ಎಂದಳು. "ನಿನ್ನನ್ನೇ ನೋಡ್ತಾ ಕೂತಿದ್ದೆ."

ನದಿಯ ಮೇಲೆ ಎಲ್ಲೋ ಒಂದು ನೌಕೆ ಸೀಟಿ ಹಾಕಿತು. ಮೂರು ಹೆಜ್ಜೆಗಳ ಆ ಅಂತರವನ್ನು ಮೊದಲು ದಾಟಿದವರು ಯಾರೋ ಇಬ್ಬರಿಗೂ ಆಮೇಲೆ ನೆನಪಾಗಲಿಲ್ಲ. ಅವನ ಸ್ವೆಟರಿಗೆ ಡೀಸೆಲ್ ಮತ್ತು ಮಂಜಿನ ವಾಸನೆ ಹತ್ತಿತ್ತು. ಅವಳು ಅದರಲ್ಲೇ ಮುಖ ಹುದುಗಿಸಿ, ಆ ವಾರಗಳಲ್ಲಿ ಅಳದೆ ಉಳಿಸಿಕೊಂಡಿದ್ದನ್ನೆಲ್ಲ ಅತ್ತುಬಿಟ್ಟಳು.

"ಅವತ್ತು ಆ ಮಾತು ಅನ್ನಬಾರದಿತ್ತು ನಾನು," ಎಂದಳು.

"ಅಂದದ್ದು ಒಳ್ಳೇದಾಯ್ತು. ಇಲ್ಲದಿದ್ರೆ ಈಸ್ಟರ್ ತನಕ ಫ್ಯಾನ್ ಮುಂದೆ ನಿಂತಿರ್ತಿದ್ದೆ." ಅವಳ ಕೂದಲ ಮೇಲೆ ಕೈಯಾಡಿಸಿದ. "ಅಮ್ಮನಿಗೆ ಹೇಗೆ ಶುರು ಮಾಡಲಿ ದೆನಿ? ಬೆಳಗ್ಗಿಂದ ಯೋಚಿಸ್ತಿದ್ದೀನಿ, ಮೊದಲನೇ ವಾಕ್ಯಾನೇ ಬರ್ತಿಲ್ಲ."

ಅವಳು ಮುಖವೆತ್ತಿದಳು. ಕಣ್ಣೀರಿನ ನಡುವೆಯೇ ನಗು ತಡೆಯಲಾಗಲಿಲ್ಲ.

"ಶುರು ಮಾಡೋದೇನೂ ಬೇಡ. ಅವರಿಗೆ ಗೊತ್ತು. ಮೊದಲಿಂದ ಗೊತ್ತು."

"ಏನು?"

"ದಾರೀಲಿ ಹೇಳ್ತೀನಿ. ಬೇಕರಿ ಹಿಂದೆ ಒಂದು ಹುಂಜ ಇತ್ತಾ?"

ಕಾಮೆನ್ ನಿಂತಲ್ಲೇ ನಿಂತ. ಅವನ ಮುಖದ ಮೇಲೆ ಮೊದಲು ಗೊಂದಲ, ಆಮೇಲೆ ಅರ್ಥವಾದದ್ದು, ಆಮೇಲೆ ಹೆಗಲ ಮೇಲಿನ ಭಾರ ಇಳಿದವನ ಒಂದು ನಿರಾಳ... ಒಂದರ ಹಿಂದೊಂದು ಹಾದುಹೋದದ್ದನ್ನು ಅವಳು ಹತ್ತಿರದಿಂದ, ಕಣ್ಣಾರೆ ನೋಡಿದಳು. ಅವನು ಕಟ್ಟೆಯ ಕಲ್ಲಿನ ಮೇಲೆ ಕುಸಿದು ಕೂತು, ಮೊಣಕಾಲಿಗೆ ತಲೆಯಿಟ್ಟು, ನಗುತ್ತಿದ್ದಾನೋ ಅಳುತ್ತಿದ್ದಾನೋ ತಿಳಿಯದ ಹಾಗೆ ಸ್ವಲ್ಪ ಹೊತ್ತು ಅಲುಗಿದ.

"ಬಯ್ದಳಾ?" ಎಂದು ಕೇಳಿದ ಕೊನೆಗೆ.

"ಮೀನು ಒಲೆಗೆ ಹೋಗಬೇಕು, ಬೇಗ ಬಾ ಅಂದ್ರು."

"ಅಷ್ಟೇನಾ?"

"ಅಷ್ಟೇ."

ಅವನು ಎದ್ದ. ಅವಳ ಕೋಟಿನ ಗುಂಡಿಗಳನ್ನು ಕೆಳಗಿನಿಂದ ಒಂದೊಂದಾಗಿ ಹಾಕಿದ. ಕತ್ತಿನ ಹತ್ತಿರದ ಗುಂಡಿ ಹಾಕಿದ ಮೇಲೂ ಕೈ ತೆಗೆಯಲಿಲ್ಲ.

"ಬೀದಿಯವರೆಲ್ಲ ಇರ್ತಾರೆ," ಎಂದ. "ಇವಳ್ಯಾರು ಅಂತ ಕೇಳ್ತಾರೆ. ಏನಂತ ಹೇಳಲಿ?"

"ನಿಜ ಹೇಳು."

"ಇವಳನ್ನ ಬಿಟ್ಟು ಎಲ್ಲಿಗೂ ಹೋಗಲ್ಲ ಅಂತ ಹೇಳ್ತೀನಿ. ಸರಿನಾ?"

"ನನಗೆ ಮೊದಲು ಹೇಳು," ಎಂದಳು ದೆನಿತ್ಸಾ. "ಅವರಿಗೆ ಆಮೇಲೆ."

ಅವನು ಬಗ್ಗಿ, ಅವಳ ಕಿವಿಯ ಹತ್ತಿರ ಬಾಯಿ ತಂದು, ಹೇಳಿದ.